ಕಡತದಿಂದ ಡಿಸ್ಕಿಗೆ: ಕ್ಷೇತ್ರಕಾರ್ಯದ ದೃಶ್ಯದಾಖಲೆಯನ್ನು ಮನೆಯ ಡಿವಿಡಿಯಾಗಿಸುವ ಬಗೆ

ಕಾಸರಗೋಡು ಜಿಲ್ಲೆಯ ಹಳ್ಳಿಯೊಂದರಲ್ಲಿ ನಡೆದ ತಾಳಮದ್ದಳೆಯನ್ನು ಕ್ಷೇತ್ರಕಾರ್ಯದ ಅಂಗವಾಗಿ ಚಿತ್ರೀಕರಿಸಿಕೊಂಡು ಬಂದ ಕೆಲವು ತಿಂಗಳುಗಳ ಬಳಿಕ, ಅದರ ಪ್ರತಿಯೊಂದನ್ನು ಅದರಲ್ಲಿ ಅರ್ಥ ಹೇಳಿದ್ದ ಹಿರಿಯ ಕಲಾವಿದರ ಮನೆಗೆ ಒಯ್ದು ಕೊಟ್ಟಿದ್ದೆ. ನಾಲ್ಕು ಗಂಟೆಗಳ ದಾಖಲೆಯ ಎಂಪಿ4 ಕಡತವನ್ನು ಗಾತ್ರ ಕುಗ್ಗಿಸಿ ಖಾಲಿ ಡಿವಿಡಿಯೊಂದಕ್ಕೆ ನಕಲಿಸಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಸರಾಗವಾಗಿ ಓಡುತ್ತಿತ್ತು. ಮನೆಯವರೆಲ್ಲ ಟಿವಿಯ ಮುಂದೆ ಕುಳಿತರು. ಪ್ಲೇಯರ್ ಕೆಲವು ಕ್ಷಣ ತಿಣುಕಿ, ಡಿಸ್ಕ್ ಓದಲಾಗದೆಂಬ ಸೂಚನೆ ತೋರಿಸಿತು. ಹಿರಿಯರು ಡಿಸ್ಕನ್ನು ಹೊರತೆಗೆದು, ಶಾಲಿನ ಅಂಚಿನಿಂದ ಒರೆಸಿ ಮತ್ತೆ ಹಾಕಿದರು. ಮತ್ತೆ ಅದೇ ಸೂಚನೆ. ಡಿಸ್ಕ್‌ನಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನನ್ನ ತಿಳಿವಳಿಕೆಯಲ್ಲಿ.

ಗಡಿನಾಡಿನ ಕನ್ನಡ ಸಮುದಾಯಗಳ ನಡುವೆ ಕೆಲಸ ಮಾಡುವ ಸಂಶೋಧಕರಲ್ಲಿ ಅನೇಕರಿಗೆ ಇಂಥ ಅನುಭವ ಹೊಸದಾಗಿರಲಾರದು. ಪಡೆದುದನ್ನು ಪಡೆದವರಿಗೆ ಮರಳಿಸಬೇಕೆಂಬ ತತ್ತ್ವವನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಮರಳಿಸುವ ವಸ್ತು ಅವರ ಮನೆಯ ಉಪಕರಣದಲ್ಲಿ ತೆರೆಯದಿದ್ದರೆ ಆ ತತ್ತ್ವಕ್ಕೆ ಬೆಲೆಯಿಲ್ಲ. ಇಂದಿನ ದಿನಗಳಲ್ಲಿ ಡಿವಿಡಿಯೇ ಏಕೆ ಎಂಬ ಪ್ರಶ್ನೆ ಸಹಜ. ಹಿರಿಯರಿರುವ ಎಷ್ಟೋ ಮನೆಗಳಲ್ಲಿ ದೊಡ್ಡ ಪರದೆಯ ಮೇಲೆ ನೋಡಲು ಇರುವ ಸಾಧನ ಹಳೆಯ ಡಿವಿಡಿ ಪ್ಲೇಯರ್ ಒಂದೇ. ಅದರ ರಿಮೋಟಿನ ಗುಂಡಿಗಳು ಅವರ ಬೆರಳಿಗೆ ಪರಿಚಿತ. ಡಿಸ್ಕಿಗೆ ಅಂತರಜಾಲ ಬೇಡ, ಗುಪ್ತಪದ ಬೇಡ. ಮೇಲೆ ಹೆಸರು ಬರೆದು ಕಪಾಟಿನಲ್ಲಿಡಬಹುದು, ಬಂದ ನೆಂಟರಿಗೆ ಹಾಕಿ ತೋರಿಸಬಹುದು. ಆದುದರಿಂದ ಗಣಕದ ದೃಶ್ಯಕಡತವನ್ನು ಮನೆಯ ಪ್ಲೇಯರ್ ಓದಬಲ್ಲ ಡಿವಿಡಿಯಾಗಿ ಪರಿವರ್ತಿಸುವುದೆಂದರೇನು, ಅದರಲ್ಲಿ ಉಳಿಯುವುದೇನು, ಕಳೆದುಹೋಗುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಡತ ಬೇರೆ, ಡಿವಿಡಿ ಬೇರೆ

‘ಡಿವಿಡಿ’ ಎಂಬ ಒಂದೇ ಪದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿರುವುದೇ ಗೊಂದಲದ ಮೂಲ. ಒಂದು ಅರ್ಥದಲ್ಲಿ ಅದು ಯಾವುದೇ ಬಗೆಯ ಕಡತವನ್ನು ಇಡಬಹುದಾದ ಖಾಲಿ ಡಿಸ್ಕ್. ಇನ್ನೊಂದು ಅರ್ಥದಲ್ಲಿ ಅದು ‘ಡಿವಿಡಿ-ವಿಡಿಯೊ’ ಎಂಬ ನಿರ್ದಿಷ್ಟ ಮಾನಕ. 1996ರ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಪ್ಲೇಯರ್‌ಗಳಿಂದ ಮೊದಲ್ಗೊಂಡು ಇಂದಿನವರೆಗಿನ ಮನೆಯ ಪ್ಲೇಯರ್‌ಗಳೆಲ್ಲವೂ ಈ ಮಾನಕವನ್ನು ಓದಲೆಂದೇ ರೂಪುಗೊಂಡವು. ಡಿಸ್ಕಿನಲ್ಲಿ ಕಡತವನ್ನು ಇಟ್ಟೊಡನೆ ಅದು ಡಿವಿಡಿ-ವಿಡಿಯೊ ಆಗುವುದಿಲ್ಲ.

ಮಾನಕದ ಬೇಡಿಕೆಗಳು ಮೂರು ಸ್ತರಗಳಲ್ಲಿವೆ. ಮೊದಲನೆಯದು ಸಂಕೇತೀಕರಣ. ದೃಶ್ಯವು ಎಂಪೆಗ್-2 ಸಂಕೇತದಲ್ಲಿರಬೇಕು; ಭಾರತದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯಂತೆ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಚೌಕಟ್ಟು. ಧ್ವನಿಯು 48 ಕಿಲೊಹರ್ಟ್ಸ್ ಮಾದರಿ ದರದ ಎಸಿ-3, ಪಿಸಿಎಂ ಅಥವಾ ಎಂಪೆಗ್ ಎರಡನೆಯ ಸ್ತರದ ರೂಪದಲ್ಲಿರಬೇಕು. ಇಂದಿನ ಮೊಬೈಲುಗಳೂ ಕ್ಯಾಮೆರಾಗಳೂ ಬಳಸುವ ಎಚ್.264, ಎಚ್.265 ಸಂಕೇತಗಳು ಈ ಮಾನಕದಲ್ಲಿಲ್ಲ. ಎರಡನೆಯದು ರಚನೆ. ಡಿಸ್ಕಿನಲ್ಲಿ ‘ವಿಡಿಯೊ_ಟಿಎಸ್’ ಎಂಬ ಕೋಶವಿದ್ದು, ಅದರೊಳಗೆ ದೃಶ್ಯ-ಧ್ವನಿ-ಉಪಶೀರ್ಷಿಕೆಗಳನ್ನು ಹೆಣೆದಿಟ್ಟ ವಿಒಬಿ ಕಡತಗಳು, ಅವುಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ಹೇಳುವ ಐಎಫ್ಒ ಕಡತಗಳು, ಆ ಸೂಚನೆಗಳ ಮರುಪ್ರತಿಗಳಾದ ಬಿಯುಪಿ ಕಡತಗಳು ಇರಬೇಕು. ಮೂರನೆಯದು ಬರವಣಿಗೆ: ಈ ಕೋಶವನ್ನು ಪ್ಲೇಯರ್ ಅರಿಯಬಲ್ಲ ಕಡತವ್ಯವಸ್ಥೆಯಲ್ಲಿ ಡಿಸ್ಕಿನ ಮೇಲೆ ಮೂಡಿಸಿ ಮುಚ್ಚುವ ಕೆಲಸ.

ಸಂಕೇತೀಕರಣ, ರಚನೆ, ಬರವಣಿಗೆ ಎಂಬ ಈ ಮೂರು ಹಂತಗಳನ್ನು ಬೇರೆಬೇರೆಯಾಗಿ ಗ್ರಹಿಸಿದರೆ ಎಲ್ಲಿ ತಪ್ಪಾಯಿತೆಂದು ಪತ್ತೆಹಚ್ಚುವುದು ಸುಲಭ. ವಿಂಡೋಸ್ ವಿಸ್ತಾ ಮತ್ತು ವಿಂಡೋಸ್ 7ರ ಕೆಲವು ಆವೃತ್ತಿಗಳ ಜೊತೆಗೆ ಬರುತ್ತಿದ್ದ ‘ಡಿವಿಡಿ ಮೇಕರ್’ ಮೂರನ್ನೂ ಒಟ್ಟಿಗೆ ಮಾಡಿಕೊಡುತ್ತಿತ್ತು. ವಿಂಡೋಸ್ 8ರಿಂದ ಅದು ಇಲ್ಲವಾಯಿತು. ಇಂದು ಮುಕ್ತವಾಗಿ ದೊರೆಯುವ ತಂತ್ರಾಂಶಗಳಲ್ಲಿ ಎಫ್ಎಫ್ಎಂಪೆಗ್ ಮೊದಲ ಹಂತಕ್ಕೆ, ಡಿವಿಡಿಆಥರ್ ಎರಡನೆಯದಕ್ಕೆ, ಇಮ್ಗ್‌ಬರ್ನ್ ಅಥವಾ ಕೆ3ಬಿ ಮೂರನೆಯದಕ್ಕೆ ಒದಗುತ್ತವೆ. ಡಿವಿಡಿಸ್ಟೈಲರ್ ಎಂಬ ತಂತ್ರಾಂಶವು ಈ ಮೂರನ್ನೂ ಒಂದೇ ಕಿಟಕಿಯಲ್ಲಿ ನಡೆಸಿಕೊಡುತ್ತದೆ. ಹೆಸರುವಾಸಿಯಾದ ಹ್ಯಾಂಡ್‌ಬ್ರೇಕ್ ಈ ಕೆಲಸಕ್ಕೆ ಬಾರದು. ಅದು ಡಿವಿಡಿಯನ್ನು ಕಡತವಾಗಿಸುವ ವಿರುದ್ಧ ದಿಕ್ಕಿನ ಸಾಧನ.

ಮೊದಲ ಲೆಕ್ಕ: ಅವಧಿ ಮತ್ತು ಅವಕಾಶ

ಒಂದು ಪದರದ ಡಿಸ್ಕಿನ ಧಾರಣಶಕ್ತಿ 4.7 ಗಿಗಾಬೈಟ್, ಅಂದರೆ ಸುಮಾರು 37,600 ಮೆಗಾಬಿಟ್. ಅವಧಿಯನ್ನು ಸೆಕೆಂಡುಗಳಲ್ಲಿ ಹಿಡಿದು ಇದನ್ನು ಭಾಗಿಸಿದರೆ ಪ್ರತಿ ಸೆಕೆಂಡಿಗೆ ದೊರೆಯುವ ದತ್ತಾಂಶದ ಪ್ರಮಾಣ ತಿಳಿಯುತ್ತದೆ. ಎರಡು ಗಂಟೆಗಳ, ಅಂದರೆ 7,200 ಸೆಕೆಂಡುಗಳ ದಾಖಲೆಗೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಲಭ್ಯ. ಧ್ವನಿಗೂ ರಚನೆಯ ಸೂಚನೆಗಳಿಗೂ ಒಂದಿಷ್ಟು ಬಿಟ್ಟರೆ ದೃಶ್ಯಕ್ಕೆ 4.8 ಮೆಗಾಬಿಟ್ ಉಳಿಯುತ್ತದೆ. ಕುಳಿತು ಮಾತನಾಡುವ ತಾಳಮದ್ದಳೆಗೆ ಇದು ಧಾರಾಳವಾಗಿ ಸಾಕು. ಅವಧಿ ಒಂದೇ ಗಂಟೆಯಾಗಿದ್ದರೆ ಭಾಗಲಬ್ಧವು ಹತ್ತನ್ನು ಮೀರುತ್ತದೆ. ಆದರೆ ಮಾನಕವು ದೃಶ್ಯಕ್ಕೆ 9.8 ಮೆಗಾಬಿಟ್‌ಗಳ ಮಿತಿ ವಿಧಿಸಿದೆ, ಮನೆಯಲ್ಲಿ ಬರೆದ ಡಿಸ್ಕಿಗೆ ಎಂಟರ ಒಳಗಿರುವುದೇ ಕ್ಷೇಮ.

ನಾಲ್ಕು ಗಂಟೆಗಳನ್ನು ಒಂದೇ ಡಿಸ್ಕಿಗೆ ತುರುಕಿದರೆ ದೊರೆಯುವುದು 2.6 ಮೆಗಾಬಿಟ್ ಮಾತ್ರ. ಮುಖಭಾವಗಳು ಚೌಕಚೌಕವಾಗಿ ಒಡೆಯತೊಡಗುತ್ತವೆ. ಇಡೀ ರಾತ್ರಿಯ ಬಯಲಾಟವೊಂದಕ್ಕೆ, ಅದರಲ್ಲೂ ವೇಷಗಳ ಬಣ್ಣ ಮತ್ತು ಕುಣಿತದ ವೇಗವಿರುವಲ್ಲಿ, ಎರಡು ಗಂಟೆಗೊಂದರಂತೆ ನಾಲ್ಕು ಡಿಸ್ಕ್ ಮಾಡುವುದೇ ನ್ಯಾಯ. ಡಿಸ್ಕ್ ಎಲ್ಲಿ ಮುಗಿಯಬೇಕೆಂಬುದನ್ನು ಗಡಿಯಾರಕ್ಕೆ ಬಿಡದೆ ಪ್ರಸಂಗದ ನಡೆಗೆ ಬಿಡಬೇಕು: ಪದ್ಯವೊಂದು ಮುಗಿದು ಪಾತ್ರ ನಿರ್ಗಮಿಸುವಲ್ಲಿ ತುಂಡರಿಸಿದರೆ ನೋಡುವವರ ರಸಕ್ಕೆ ಭಂಗವಿಲ್ಲ.

ಚಿತ್ರ, ಚೌಕಟ್ಟು, ಶ್ರುತಿ

1920×1080 ಅಳತೆಯ ದಾಖಲೆಯನ್ನು 720×576ಕ್ಕೆ ಇಳಿಸುವಾಗ ಚಿತ್ರಬಿಂದುಗಳ ಸಂಖ್ಯೆ ಸರಿಯಾಗಿ ಐದನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಈ ನಷ್ಟ ಅನಿವಾರ್ಯ. ಆದರೆ ಆಕಾರದ ವಿಕೃತಿ ಅನಿವಾರ್ಯವಲ್ಲ. ಡಿವಿಡಿಯ ಚಿತ್ರಬಿಂದುಗಳು ಚೌಕಾಕಾರವಾಗಿರುವುದಿಲ್ಲ. ಅದೇ 720×576ರ ಅಳತೆಯು ಸೂಚನೆಗೆ ತಕ್ಕಂತೆ 4:3 ಅಥವಾ 16:9 ಆಗಿ ಹಿಗ್ಗುತ್ತದೆ. ಅಗಲ ಚಿತ್ರಕ್ಕೆ 16:9 ಎಂಬ ಗುರುತನ್ನು ಹಚ್ಚಲು ಮರೆತರೆ ಎಲ್ಲರೂ ತೆಳ್ಳಗೆ, ಉದ್ದಕ್ಕೆ ಕಾಣಿಸುತ್ತಾರೆ. ಹಳೆಯ ಮಿನಿ-ಡಿವಿ ಟೇಪುಗಳಿಂದ ಪಡೆದ ಪಾಲ್ ದಾಖಲೆಗಳಾದರೆ ಮೊದಲಿನಿಂದಲೂ 720×576ರಲ್ಲೇ ಇರುವುದರಿಂದ ಅವುಗಳ ಅಳತೆಯನ್ನು ಮುಟ್ಟಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಚೌಕಟ್ಟುಗಳ ದರ. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟಿನ ಆಸುಪಾಸಿನಲ್ಲಿ, ಬೆಳಕಿಗೆ ತಕ್ಕಂತೆ ದರವನ್ನು ಏರಿಳಿಸುತ್ತ ಚಿತ್ರೀಕರಿಸುತ್ತವೆ. ಇಂಥ ಕಡತವನ್ನು ಹಾಗೆಯೇ ಪರಿವರ್ತಿಸಿದರೆ ಆರಂಭದಲ್ಲಿ ಕೂಡಿಯೇ ಸಾಗುವ ಚಿತ್ರ-ಧ್ವನಿಗಳು ಗಂಟೆ ಕಳೆಯುವಷ್ಟರಲ್ಲಿ ಬೇರ್ಪಡಬಹುದು: ಚೆಂಡೆಯ ಕೋಲು ಬೀಳುವುದು ಒಂದು ಕ್ಷಣ, ಪೆಟ್ಟು ಕೇಳುವುದು ಇನ್ನೊಂದು ಕ್ಷಣ. ಆದುದರಿಂದ ದರವನ್ನು ಮೊದಲು ಸ್ಥಿರಗೊಳಿಸಿ, ಅನಂತರವೇ ಎಂಪೆಗ್-2ಕ್ಕೆ ಒಯ್ಯಬೇಕು. ಕೊನೆಯ ಹತ್ತು ನಿಮಿಷಗಳನ್ನು ನೋಡಿ ಹೊಂದಾಣಿಕೆಯನ್ನು ಖಚಿತಪಡಿಸಿಕೊಳ್ಳಬೇಕು.

ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರೀಕರಿಸಿದ ದಾಖಲೆಗೆ ಬೇರೊಂದು ಅಪಾಯವಿದೆ. ಅದನ್ನು 25ಕ್ಕೆ ತರಲು ಇಡೀ ದಾಖಲೆಯನ್ನೇ ವೇಗವಾಗಿ ಓಡಿಸುವುದು ಚಲನಚಿತ್ರಗಳ ಪಾಲ್ ಆವೃತ್ತಿಗಳಲ್ಲಿ ಹಳೆಯ ರೂಢಿ. ಆಗ ಎರಡು ಗಂಟೆಯ ದಾಖಲೆ ಒಂದು ಗಂಟೆ 55 ನಿಮಿಷಕ್ಕೆ ಇಳಿಯುತ್ತದೆ, ಶ್ರುತಿಯು ಅರ್ಧಸ್ವರದ ಹತ್ತರಲ್ಲಿ ಏಳು ಭಾಗದಷ್ಟು ಏರುತ್ತದೆ. ಭಾಗವತರ ಕಂಠವನ್ನು ಬಲ್ಲ ಮನೆಯವರಿಗೆ ಅದು ಬೇರೊಬ್ಬರ ಕಂಠವೆನಿಸಬಹುದು. ಸಂಗೀತಪ್ರಧಾನ ದಾಖಲೆಯಲ್ಲಿ ಒಂದೊಂದು ಚೌಕಟ್ಟನ್ನು ಪುನರಾವರ್ತಿಸಿ ದರ ಹೊಂದಿಸುವುದು ಮೇಲು. ಚಿತ್ರ ತುಸು ಎಡವಿದರೂ ಶ್ರುತಿ ಕೆಡುವುದಿಲ್ಲ. ಧ್ವನಿಗೆ ಎಸಿ-3 ರೂಪದಲ್ಲಿ ಸೆಕೆಂಡಿಗೆ 192 ಅಥವಾ 224 ಕಿಲೊಬಿಟ್ ಕೊಟ್ಟರೆ ಮಾತಿಗೆ ಸಾಕು. ಹಿಮ್ಮೇಳಕ್ಕೆ ಪ್ರಾಧಾನ್ಯವಿರುವಲ್ಲಿ ಸಂಕುಚಿತಗೊಳಿಸದ ಪಿಸಿಎಂ ಆರಿಸಬಹುದು. ಆದರೆ ಎರಡು ಗಂಟೆಗಳಿಗೆ ಅದೊಂದೇ ಸುಮಾರು 1.4 ಗಿಗಾಬೈಟ್ ನುಂಗುತ್ತದೆಂಬುದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಅಕ್ಷರವು ಚಿತ್ರವಾಗುವಲ್ಲಿ

ದ್ವಿಭಾಷಿಕ ಪರಿಸರದ ಸಂಶೋಧಕರಿಗೆ ಈ ಮಾನಕದ ಅತ್ಯಂತ ಉಪಯುಕ್ತ ಗುಣ ಉಪಶೀರ್ಷಿಕೆಯಲ್ಲಿದೆ. ಒಂದು ಡಿವಿಡಿಯಲ್ಲಿ 8 ಧ್ವನಿಧಾರೆಗಳಿಗೂ 32 ಉಪಶೀರ್ಷಿಕೆ ಧಾರೆಗಳಿಗೂ ಅವಕಾಶವಿದೆ. ನೋಡುವವರು ರಿಮೋಟಿನ ಒಂದು ಗುಂಡಿಯಿಂದ ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು, ಬೇಡವೆಂದರೆ ಮುಚ್ಚಬಹುದು. ಇಷ್ಟೇ ಮಹತ್ವದ್ದು ಇನ್ನೊಂದು ಸಂಗತಿ: ಡಿವಿಡಿಯ ಉಪಶೀರ್ಷಿಕೆ ಪಠ್ಯವಲ್ಲ, ಚಿತ್ರ. ಒಮ್ಮೆಗೆ ನಾಲ್ಕೇ ಬಣ್ಣಗಳ ಪುಟ್ಟ ಚಿತ್ರವೊಂದನ್ನು ಪ್ಲೇಯರ್ ದೃಶ್ಯದ ಮೇಲೆ ಹೊದಿಸುತ್ತದೆ, ಅಷ್ಟೇ.

ಇದರ ಪರಿಣಾಮ ದೂರಗಾಮಿ. ಪೆನ್‌ಡ್ರೈವಿನಲ್ಲಿ ದೃಶ್ಯಕಡತದ ಜೊತೆ ಪಠ್ಯರೂಪದ ಕನ್ನಡ ಉಪಶೀರ್ಷಿಕೆ ಇಟ್ಟುಕೊಟ್ಟರೆ, ಕನ್ನಡದ ಅಕ್ಷರವಿನ್ಯಾಸವಿಲ್ಲದ ಪ್ಲೇಯರ್ ಅದನ್ನು ಖಾಲಿ ಚೌಕಗಳಾಗಿ ತೋರಿಸುತ್ತದೆ. ಡಿವಿಡಿಯಲ್ಲಾದರೋ ಅಕ್ಷರವನ್ನು ಚಿತ್ರಿಸುವ ಕೆಲಸ ನಮ್ಮ ಗಣಕದಲ್ಲೇ ಮುಗಿದಿರುತ್ತದೆ. ಕನ್ನಡವನ್ನು ಕಂಡೇ ಇಲ್ಲದ, ಎಲ್ಲೋ ತಯಾರಾದ ಇಪ್ಪತ್ತು ವರ್ಷ ಹಳೆಯ ಪ್ಲೇಯರ್ ಕೂಡ ಒತ್ತಕ್ಷರ, ಗುಣಿತಗಳನ್ನು ತಪ್ಪಿಲ್ಲದೆ ತೋರಿಸಬಲ್ಲದು. ಲಿಪಿಜ್ಞಾನದ ಹೊಣೆ ಯಂತ್ರದ ಮೇಲಿಲ್ಲ, ಅದನ್ನು ಸಿದ್ಧಪಡಿಸುವವರ ಮೇಲಿದೆ.

ಹೊಣೆ ನಮ್ಮದಾದ ಮೇಲೆ ಎಚ್ಚರವೂ ನಮ್ಮದೇ. ಕೆಲವು ತಂತ್ರಾಂಶಗಳು ಸಂಕೇತಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತವೆಯೇ ಹೊರತು ಕೂಡಿಸುವುದಿಲ್ಲ. ಆಗ ‘ಶಾಸ್ತ್ರ’ ಎಂಬ ಪದದ ಒತ್ತುಗಳು ಬೇರ್ಪಟ್ಟು ಸಾಲಾಗಿ ನಿಲ್ಲುತ್ತವೆ. ಪಠ್ಯವನ್ನು ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶದಲ್ಲಿ ಸಿದ್ಧಪಡಿಸಿ, ಚಿತ್ರಾಧಾರಿತ ವಾಬ್‌ಸಬ್ ರೂಪದಲ್ಲಿ ಹೊರತೆಗೆದು, ಮೊದಲ ಐವತ್ತು ಸಾಲುಗಳನ್ನಾದರೂ ಕಣ್ಣಾರೆ ಪರಿಶೀಲಿಸಿ ಡಿವಿಡಿಗೆ ಸೇರಿಸುವುದು ಒಳ್ಳೆಯ ಕ್ರಮ. ಟಿವಿಯಲ್ಲಿ ತೆಳುಗೆರೆಗಳು ಮಿನುಗುವುದರಿಂದ ದಪ್ಪ ಅಕ್ಷರವಿನ್ಯಾಸವೇ ಬೇಕು. ಹಳೆಯ ಟಿವಿಗಳು ಚಿತ್ರದ ಅಂಚುಗಳನ್ನು ಕತ್ತರಿಸುವುದರಿಂದ ಸಾಲುಗಳು ಅಂಚಿನಿಂದ ಒಳಗಿರಬೇಕು. ಕೆಳಗಿನ ಸಾಲಿನ ಒತ್ತಕ್ಷರಗಳಿಗೆ ಇನ್ನಷ್ಟು ಜಾಗ ಬಿಡಬೇಕು. ಒಮ್ಮೆಗೆ ಎರಡು ಸಾಲು ಮೀರಬಾರದು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಒಂದೇ ಮನೆಯ ಮೂರು ತಲೆಮಾರುಗಳು ಮೂರು ಬಗೆಯ ಭಾಷಾಸಾಮರ್ಥ್ಯ ಹೊಂದಿರುವುದನ್ನು ನಾವು ಕಾಣುತ್ತೇವೆ. ಅಜ್ಜನ ಅರ್ಥಗಾರಿಕೆಯ ಗ್ರಾಂಥಿಕ ಕನ್ನಡ ಮಗನಿಗೆ ತಿಳಿಯುತ್ತದೆ. ಮಲಯಾಳ ಮಾಧ್ಯಮದಲ್ಲಿ ಓದಿದ ಮೊಮ್ಮಗಳು ಮನೆಮಾತನ್ನು ಆಡಬಲ್ಲಳು, ಆದರೆ ಅಜ್ಜನ ಸಮಾಸಗಳನ್ನು ಹಿಂಬಾಲಿಸಲಾರಳು, ಕನ್ನಡ ಲಿಪಿಯನ್ನು ಓದಲಾರಳು. ಒಂದು ಧಾರೆಯಲ್ಲಿ ಕನ್ನಡ ಲಿಪ್ಯಂತರ, ಇನ್ನೊಂದರಲ್ಲಿ ಮಲಯಾಳ ಅನುವಾದ ಇಟ್ಟರೆ ಮೂವರೂ ಒಂದೇ ಪರದೆಯ ಮುಂದೆ ಕುಳಿತುಕೊಳ್ಳಬಹುದು. ಸೊಲ್ಲಾಪುರದಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು ಈ ಎರಡನೆಯ ಸ್ಥಾನಕ್ಕೆ ಬರುತ್ತವೆ.

ಎರಡಕ್ಷರದ ಮಿತಿ

ಪ್ರತಿ ಧ್ವನಿಧಾರೆ ಹಾಗೂ ಉಪಶೀರ್ಷಿಕೆ ಧಾರೆಗೆ ಭಾಷೆಯ ಗುರುತನ್ನು ಹಚ್ಚುವ ವ್ಯವಸ್ಥೆ ಡಿವಿಡಿಯಲ್ಲಿದೆ. ಗುಂಡಿ ಒತ್ತಿದಾಗ ಪರದೆಯ ಮೇಲೆ ಮೂಡುವ ಭಾಷೆಯ ಹೆಸರು ಇದರಿಂದಲೇ ಬರುತ್ತದೆ. ಈ ಗುರುತು ಐಎಸ್ಒ 639-1 ಪಟ್ಟಿಯ ಎರಡಕ್ಷರದ ಸಂಕೇತ. ಕನ್ನಡಕ್ಕೆ ‘ಕೆ-ಎನ್’, ಮಲಯಾಳಕ್ಕೆ ‘ಎಂ-ಎಲ್’, ತಮಿಳಿಗೆ ‘ಟಿ-ಎ’, ತೆಲುಗಿಗೆ ‘ಟಿ-ಇ’, ಮರಾಠಿಗೆ ‘ಎಂ-ಆರ್’ ಎಂಬ ಸಂಕೇತಗಳಿವೆ. ತುಳುವಿಗೆ ಇಲ್ಲ. ಬಡಗಕ್ಕೆ ಇಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಕೊಂಕಣಿಗೂ ಇಲ್ಲ. ಮೂರಕ್ಷರದ ವಿಸ್ತೃತ ಪಟ್ಟಿಯಲ್ಲಿ ತುಳುವಿಗೆ ‘ಟಿ-ಸಿ-ವೈ’, ಬಡಗಕ್ಕೆ ‘ಬಿ-ಎಫ್-ಕ್ಯು’, ಕೊಂಕಣಿಗೆ ‘ಕೆ-ಒ-ಕೆ’ ಇವೆಯಾದರೂ ಡಿವಿಡಿಯ ಸ್ಥಳದಲ್ಲಿ ಮೂರನೆಯ ಅಕ್ಷರಕ್ಕೆ ಜಾಗವಿಲ್ಲ.

ಆದುದರಿಂದ ತುಳು ಪಾಡ್ದನವೊಂದರ ಅಥವಾ ನೀಲಗಿರಿಯ ಬಡಗ ಹಾಡೊಂದರ ಡಿವಿಡಿ ಮಾಡುವವರು ಅನುಕೂಲಕ್ಕಾಗಿ ‘ಕೆ-ಎನ್’ ಎಂದು ಗುರುತು ಹಚ್ಚಿಬಿಡುವ ಆಮಿಷಕ್ಕೆ ಒಳಗಾಗುವುದುಂಟು. ಹಾಗೆ ಮಾಡಿದಾಗ ಒಂದು ಸಮುದಾಯದ ಭಾಷೆಯ ಹೆಸರು ಅವರದೇ ಮನೆಯ ಟಿವಿಯ ಮೇಲೆ ತಪ್ಪಾಗಿ ಮೂಡುತ್ತದೆ. ಅಲ್ಪಸಂಖ್ಯಾತ ಭಾಷೆಯಾಗಿ ಬದುಕುವ ಕಷ್ಟವನ್ನು ಗಡಿಯಾಚೆ ಅನುಭವಿಸುತ್ತಿರುವ ಕನ್ನಡವೇ ಇನ್ನೊಂದು ಭಾಷೆಯ ಹೆಸರನ್ನು ಮರೆಸುವುದು ಉಚಿತವಲ್ಲ. ಸಂಕೇತವನ್ನು ಅನಿರ್ದಿಷ್ಟವಾಗಿ ಬಿಡುವುದೇ ಸರಿ. ಕೊರತೆಯನ್ನು ತುಂಬಲು ಮೆನು ಇದೆ. ಡಿವಿಡಿಯ ಮೆನು ಕೂಡ ನಾವೇ ರೂಪಿಸುವ ಚಿತ್ರವಾದುದರಿಂದ ಅದರಲ್ಲಿ ‘ತುಳು’, ‘ಬಡಗ’ ಎಂದು ಸ್ಪಷ್ಟವಾಗಿ ಬರೆಯಬಹುದು. ಮೂರಕ್ಷರದ ಸಂಕೇತವು ಸಂಗ್ರಹದ ಸೂಚಿಯಲ್ಲಿ ದಾಖಲಾಗಬೇಕು.

ಮೆನುವಿನಿಂದಲೇ ಅಧ್ಯಾಯಗಳಿಗೂ ದಾರಿ ಮಾಡಿಕೊಡಬೇಕು. ತಂತ್ರಾಂಶಗಳು ಹತ್ತು ನಿಮಿಷಕ್ಕೊಂದರಂತೆ ಯಾಂತ್ರಿಕವಾಗಿ ಅಧ್ಯಾಯ ಕತ್ತರಿಸುವ ಸೌಲಭ್ಯ ನೀಡುತ್ತವೆ. ಅದನ್ನು ಒಪ್ಪಿಕೊಳ್ಳದೆ, ತಾಳಮದ್ದಳೆಯಾದರೆ ಒಬ್ಬೊಬ್ಬ ಅರ್ಥಧಾರಿಯ ಪೀಠಿಕೆಗೆ, ಬಯಲಾಟವಾದರೆ ಒಂದೊಂದು ಪಾತ್ರದ ಪ್ರವೇಶಕ್ಕೆ ಅಧ್ಯಾಯವನ್ನು ಕೂಡಿಸಿದರೆ ಡಿಸ್ಕ್ ಪ್ರಸಂಗದ ರಚನೆಯನ್ನೇ ಅನುಸರಿಸುತ್ತದೆ.

ಬರೆಯುವುದು ಮತ್ತು ಪರೀಕ್ಷಿಸುವುದು

ಸಿದ್ಧವಾದ ‘ವಿಡಿಯೊ_ಟಿಎಸ್’ ಕೋಶವನ್ನು ಮೊದಲು ಗಣಕದಲ್ಲೇ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಮೆನು, ಅಧ್ಯಾಯ, ಉಪಶೀರ್ಷಿಕೆಗಳನ್ನು ಪರೀಕ್ಷಿಸಬೇಕು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಚಾಲಕ ಇಲ್ಲದಿರುವುದರಿಂದ ಯುಎಸ್‌ಬಿಗೆ ಜೋಡಿಸುವ ಹೊರ ಚಾಲಕ ಬೇಕಾಗಬಹುದು. ಪುನಃ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರ್‌ಗಳು ಅವನ್ನು ಓದಲು ತಿಣುಕುತ್ತವೆ. ಒಮ್ಮೆ ಬರೆಯುವ ಡಿವಿಡಿ-ಆರ್ ಸುರಕ್ಷಿತ ಆಯ್ಕೆ. ಬರೆಯುವಾಗ ಗರಿಷ್ಠ ವೇಗವನ್ನು ಆರಿಸಬಾರದು. ‘ದತ್ತಾಂಶ ಡಿಸ್ಕ್’ ಎಂಬುದರ ಬದಲು ‘ಡಿವಿಡಿ-ವಿಡಿಯೊ’ ಎಂಬ ಆಯ್ಕೆಯನ್ನು ಆರಿಸಿ, ಡಿಸ್ಕನ್ನು ಪೂರ್ಣವಾಗಿ ಮುಚ್ಚಿ, ಬರೆದುದನ್ನು ತಾಳೆ ನೋಡುವಂತೆ ತಂತ್ರಾಂಶಕ್ಕೆ ಸೂಚಿಸಬೇಕು. ಮೇಲೆ ಕಾಗದದ ಚೀಟಿ ಅಂಟಿಸಿದರೆ ಡಿಸ್ಕಿನ ಸಮತೋಲ ತಪ್ಪಬಹುದು. ಡಿಸ್ಕಿಗೆಂದೇ ಇರುವ ಮೃದು ಮೊನೆಯ ಲೇಖನಿಯಿಂದ ಬರೆಯುವುದು ಲೇಸು. ಕೊನೆಯ ಪರೀಕ್ಷೆ ಅದು ಸಲ್ಲಬೇಕಾದ ಮನೆಯ ಪ್ಲೇಯರಿನಲ್ಲೇ ಆಗಬೇಕು.

ಡಿಸ್ಕ್ ಕೈಯಿಂದ ಕೈಗೆ ಹೋಗುವ ವಸ್ತುವೆಂಬುದನ್ನೂ ನೆನಪಿಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡುತ್ತದೆ. ಕಾನೂನಿಗಾಗಿ ಮಾತ್ರವಲ್ಲ, ಸೌಜನ್ಯಕ್ಕಾಗಿಯೂ ಎಷ್ಟು ಪ್ರತಿ, ಯಾರಿಗೆ ಎಂಬುದನ್ನು ಭಾಗವಹಿಸಿದ ಎಲ್ಲ ಕಲಾವಿದರೊಡನೆ ಮೊದಲೇ ಮಾತನಾಡಿಕೊಳ್ಳಬೇಕು.

ಮೂಲ ಮತ್ತು ಪ್ರತಿ

ತೌಲನಿಕ ಸಾಹಿತ್ಯದ ವಿದ್ಯಾರ್ಥಿಗೆ ಈ ಇಡೀ ವ್ಯಾಪಾರ ಅನುವಾದದಂತೆ ತೋರುವುದು ಸಹಜ. ಡಿವಿಡಿಯು ಒಬ್ಬ ನಿರ್ದಿಷ್ಟ ಓದುಗನಿಗಾಗಿ, ಅವನ ಮನೆಯ ಸಾಧನಕ್ಕಾಗಿ ಮಾಡಿದ ಅನುವಾದ. ಅನುವಾದ ಕೈಗೆ ಬಂದಿತೆಂದು ಮೂಲವನ್ನು ಯಾರೂ ಸುಡುವುದಿಲ್ಲ. ಆದರೆ ‘ಡಿವಿಡಿ ಮಾಡಿಟ್ಟಿದ್ದೇವೆ’ ಎಂಬ ಸಮಾಧಾನದಲ್ಲಿ ಮೂಲ ಕಡತವನ್ನು ಅಳಿಸಿ ಜಾಗ ತೆರವು ಮಾಡಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಐದನೆಯ ಒಂದು ಭಾಗಕ್ಕೆ ಇಳಿದ ಚಿತ್ರವನ್ನು ಮತ್ತೆ ಮೇಲೇರಿಸಲಾಗದು. ಬರೆಯುವ ಡಿಸ್ಕಿನ ಬಣ್ಣದ ಪದರವು ಶಾಖ, ತೇವ, ಬೆಳಕುಗಳಿಗೆ ಮಾಸುತ್ತದೆ. ಕರಾವಳಿಯ ಹವೆಯಲ್ಲಿ ಅದನ್ನು ಸಂರಕ್ಷಣೆಯ ಮಾಧ್ಯಮವೆಂದು ನಂಬುವಂತಿಲ್ಲ. ಕ್ಯಾಮೆರಾದಿಂದ ಬಂದ ಕಡತವನ್ನು ತಿದ್ದದೆ, ಎರಡು ಬೇರೆಬೇರೆ ಹಾರ್ಡ್‌ಡಿಸ್ಕುಗಳಲ್ಲೂ ಬೇರೊಂದು ಸ್ಥಳದಲ್ಲೂ ಇಟ್ಟು, ಅದರ ಅಖಂಡತೆಯನ್ನು ತಾಳೆ ನೋಡಲು ಷಾ-256ರಂಥ ಪರಿಶೀಲನಾ ಸಂಖ್ಯೆಯೊಂದನ್ನು ಬರೆದಿಡಬೇಕು. ಉಪಶೀರ್ಷಿಕೆಯ ಪಠ್ಯವನ್ನೂ ಯುನಿಕೋಡಿನಲ್ಲಿ ಬೇರೆಯಾಗಿ ಕಾಪಾಡಬೇಕು, ಏಕೆಂದರೆ ಡಿವಿಡಿಯೊಳಗೆ ಅದು ಹುಡುಕಲು ಬಾರದ ಚಿತ್ರವಾಗಿಬಿಟ್ಟಿರುತ್ತದೆ.

ಮೊದಲ ಪ್ರಯತ್ನದ ಕೆಲವು ವಾರಗಳ ಅನಂತರ ಎರಡು ಡಿಸ್ಕುಗಳೊಡನೆ ಅದೇ ಮನೆಗೆ ಹೋದೆ. ಮೆನು ಮೂಡಿತು, ಹಿರಿಯರೇ ರಿಮೋಟ್ ಹಿಡಿದು ತಮ್ಮ ಪೀಠಿಕೆಯ ಅಧ್ಯಾಯಕ್ಕೆ ಹೋದರು. ಮೊಮ್ಮಗಳು ಮಲಯಾಳದ ಸಾಲುಗಳನ್ನು ಓದುತ್ತಿದ್ದಳು. ಕನ್ನಡದ ಧಾರೆಗೆ ಬದಲಾಯಿಸಿದ ಸ್ವಲ್ಪ ಹೊತ್ತಿನಲ್ಲಿ ಹಿರಿಯರು ಚಿತ್ರವನ್ನು ನಿಲ್ಲಿಸಿ, ನಾನು ‘ವರ’ ಎಂದು ಕೇಳಿ ಬರೆದುಕೊಂಡಿದ್ದ ಪದ ‘ಪರ’ ಎಂದು ತೋರಿಸಿದರು. ಆ ಒಂದು ಅಕ್ಷರದ ಮೇಲೆ ನನ್ನ ಲೇಖನದ ಒಂದು ಪುಟದ ವ್ಯಾಖ್ಯಾನ ನಿಂತಿತ್ತು. ಅಂದು ಸಂಜೆಯ ಹೊತ್ತಿಗೆ ಇಂಥ ಹನ್ನೊಂದು ತಿದ್ದುಪಡಿಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದವು. ಲೇಖನ ಇನ್ನೂ ಅಚ್ಚಿಗೆ ಹೋಗಿರಲಿಲ್ಲ.